ಬಲ್ಲವರ ಹೆಸರು

ಪ್ರೀತಿಯ ಗೆಳತಿ,

‘ನನ್ನ ಬಲ್ಲವಳೊಬ್ಬಳು ಸಾಕು’ ಎಂದಿತ್ತೋ, ‘ಬೇಕು’ ಎಂದಿತ್ತೋ, ಹಾಸ್ಟೆಲಿನಲ್ಲಿ ನೀನು ಬರೆದ ಪದ್ಯದ ಆ ಸಾಲು? ಆಗ ‘ಸಾಕು’ ಎಂದೇ ಓದಿಕೊಂಡಿದ್ದೆ. ಈಗ ಅನುಮಾನ.

ಒಂದು ಪ್ರಕಾಶನದಲ್ಲಿ ಕರಡು ತಿದ್ದುವ ಕೆಲಸಕ್ಕೆ ಅರ್ಜಿ ಹಾಕಿದ್ದೇನೆ. ಬಯೋಡೇಟಾ ಟೈಪ್ ಮಾಡಿದ ಮಗಳು, “ಅಮ್ಮಾ, ಮೊದಲೆರಡು ಸಾಲಲ್ಲೇ ಅವ್ರು ಫ್ಲಾಟ್ ಆಗ್ಬೇಕು. ಕೆಳಗಡೆ ಯಾರು ಓದ್ತಾರೆ?” ಎಂದಳು. ಹಾಗಾಗಿ ನಮ್ಮ ಎಂ.ಎ., ನಾವಿಬ್ಬರೂ ಸೇರಿ ತಂದ ವಿಭಾಗದ ಪತ್ರಿಕೆ, ಎಲ್ಲವೂ ಮೇಲೆಯೇ ಇವೆ. ಮದುವೆಯಿಂದೀಚೆಗೆ ಬರೆಯಲು ಏನೂ ಇರಲಿಲ್ಲ. ಆದರೂ ಸಂದರ್ಶನಕ್ಕೆ ಕರೆದರು. ಎಡವಿದ್ದು ಅರ್ಜಿಯ ಕೊನೆಯ ಸಾಲಿನಲ್ಲಿ. ನನ್ನನ್ನು ಬಲ್ಲ, ನೆಂಟರಲ್ಲದ ಇಬ್ಬರ ಹೆಸರು ಕೊಡಬೇಕಿತ್ತು. ಪಕ್ಕದ ಮನೆಯಾಕೆಯ ಹೆಸರೊಂದೇ ಹೊಳೆಯಿತು. ನನ್ನ ಕೆಲಸ ಕಂಡವರು ಒಬ್ಬರಾದರೂ ನನ್ನ ಬಗ್ಗೆ ಹೇಳದಿದ್ದರೆ ಆಗದಂತೆ.

ನಿನ್ನ ಪತ್ರಗಳಿಗೆ ಉತ್ತರ ಬರೆಯದವಳು ಕೆಲಸ ಬಿದ್ದಾಗ ಬರೆಯುತ್ತಿದ್ದೇನೆ. ಬೇಕಾದಷ್ಟು ಬೈಯಿ, ಆದರೆ ನಿನ್ನ ಹೆಸರು ಕೊಡಬಹುದೇ? ನನ್ನ ಫೋನ್ ನಂಬರು ಹಿಂಬದಿಯಲ್ಲಿದೆ. ಸೋಮವಾರದೊಳಗೆ ತಿಳಿಸು. ಬೇಡವೆನಿಸಿದರೆ ಅದನ್ನಾದರೂ ಹೇಳು.

ನೀನೇ ಹೆಸರಿಟ್ಟ
ಕಾಗುಣಿತ ಪೊಲೀಸು

ಬರೆಯಲು ಮರೆತೆ: ಪ್ರಕಾಶನದವರು ಪಕ್ಕದ ಮನೆಗೆ ಫೋನ್ ಮಾಡಿದ್ದರು. ಆಕೆ ಇವತ್ತು ಬಾಗಿಲಲ್ಲೇ ನಿಂತು ಹೇಳಿದರು: “ತುಂಬ ಒಳ್ಳೆಯವ್ರು, ಅವರ ದನಿ ಜೋರಾಗಿದ್ದೇ ಕೇಳಿಲ್ಲ ಅಂತ ಹೇಳಿದೆ ಕಣ್ರೀ. ಅಲ್ಲಾ, ಇಷ್ಟು ವರ್ಷದಿಂದ ಪಕ್ಕದಲ್ಲೇ ಇದ್ದೀರ, ನೀವು ಎಂ.ಎ. ಓದಿದ್ದೀರ ಅಂತ ಅವ್ರು ಹೇಳಿದ್ಮೇಲೇ ನಂಗೆ ಗೊತ್ತಾಗಿದ್ದು!”