ಅಂಟಿನೊಳಗಿನ ಬೆಂಕಿಕಡ್ಡಿ

ಒಗ್ನ್ಯಾನ್,

ಈ ಕಾಗದ ಅಂಚೆಗೆ ಬೀಳುವುದಿಲ್ಲ. ನೀನು ಬಿಟ್ಟುಹೋದ ಟೆಲಿಸ್ಕೋಪಿನ ಕನ್ನಡಿ, ನಾವಿಬ್ಬರೂ ಅಡುಗೆಮನೆಯಲ್ಲಿ ಕೂತು ಉಜ್ಜಿ ಮಾಡಿದ್ದು, ಮಂಕಾಗಿತ್ತು. ಹೊಸ ಲೇಪ ಹಾಕಿಸಲು ಇವತ್ತು ಸ್ತಾಮೆನಜ್ಜನ ಹತ್ತಿರ ಒಯ್ದಿದ್ದೆ.

"ಹಿಂದೆ ಅಂಟಿಸಿರೋ ಆಸರೆ ಬಿಡಿಸ್ಲೇಬೇಕು ಮಗಳೇ. ಈ ಅಂಟು ಲೇಪ ಹಾಕೋ ಯಂತ್ರದೊಳಗೆ ಹೋದ್ರೆ ಆವಿ ಬಿಟ್ಟು ಲೇಪಾನೇ ಕೆಡಿಸುತ್ತೆ," ಎನ್ನುತ್ತಾ ಅಜ್ಜ ತಂತಿಯಿಂದ ಅಂಟು ಕೊಯ್ದರು. ಆಮೇಲೆ ನಕ್ಕುಬಿಟ್ಟರು.

"ಅರೆ, ಇಲ್ಲೂ ಒಂದು ಬೆಂಕಿಕಡ್ಡಿ! ಹೋದ ವಾರ ವಾರ್ನಾದಿಂದ ಒಬ್ಳು ಹುಡುಗಿ ತಂದ ಕನ್ನಡೀಲೂ ಹೀಗೇ ಸಿಕ್ಕಿತ್ತು. ಅಂಟು ಒಂದೇ ದಪ್ಪ ಕೂರ್ಲಿ ಅಂತ ಮಧ್ಯೆ ಕಡ್ಡಿ ಇಟ್ಟು, ಆಮೇಲೆ ಎಳೆದುಬಿಡೋದಂತೆ. ಅವಳ ಒಗ್ನ್ಯಾನ್ ಕಂಡುಹಿಡಿದಿದ್ದಂತೆ. ಜಾಣ ಕಣಮ್ಮ!"

"ನೋಡೋಕೆ ಹೇಗಿದ್ಲು?"

"ನಾನು ಕನ್ನಡಿ ನೋಡ್ದೆ, ಅವಳನ್ನಲ್ಲ."

ಆ ಉಪಾಯ ನನ್ನದು. ಹೋಗಲಿ, ಅದನ್ನೂ ಅವಳೇ ಇಟ್ಟುಕೊಳ್ಳಲಿ. ಆದರೆ ಅಂಟು ಗಟ್ಟಿಯಾಗುವ ಮೊದಲು ಕಡ್ಡಿ ಎಳೆಯುವುದನ್ನು ಆ ಸಂಜೆ ನಾವಿಬ್ಬರೂ ಯಾಕೆ ಮರೆತೆವು ಎನ್ನುವುದು ನನಗೆ ಚೆನ್ನಾಗಿ ನೆನಪಿದೆ.

ನೀವಿಬ್ಬರು ಯಾಕೆ ಮರೆತಿರಿ?

ವೆಸೆಲಿನಾ