ತಾನಾಗಿ ಹೇಳಿದರೆ ಅರ್ಧ ಶಿಕ್ಷೆ

ಶನಿವಾರ, ನವೆಂಬರ್ ೧೫, ೨೦೨೫
ಯೂನಿವರ್ಸಿಟಿ ಲೈಬ್ರರಿ, ಕಿಟಕಿ ಪಕ್ಕದ ಮೇಜು

ನನ್ನ ಅಮ್ಮನಿಗೆ,

ಮೈಸೂರಿನ ಹಾಸ್ಟೆಲಿನಿಂದ ಬರೆಯುತ್ತಿದ್ದ ಕಾಗದಗಳ ಹಾಗೆ ‘ನಾನು ಇಲ್ಲಿ ಕ್ಷೇಮ’ ಎಂದು ಶುರು ಮಾಡಿದ್ದೆ. ಆ ಹಾಳೆ ಹರಿದು ಹಾಕಿದೆ. ಕ್ಷೇಮವಾಗಿಯೇ ಇದ್ದೇನೆ, ಗಾಬರಿಯಾಗಬೇಡ. ಆದರೆ ಆ ಮಾತನ್ನು ಮೊದಲೇ ಬರೆದುಬಿಟ್ಟರೆ ಮುಂದಿನದನ್ನು ಬರೆಯುವ ಧೈರ್ಯ ಬರುವುದಿಲ್ಲ.

ಫೋನ್ ಇರುವಾಗ ಕಾಗದ ಯಾಕೆ ಅಂತ ಕೇಳುತ್ತೀಯ. ಫೋನಿನಲ್ಲಿ ನೀನು ಅಳುತ್ತೀಯ, ನಾನು ಸರಿ ಅಮ್ಮ, ಸರಿ ಅಮ್ಮ ಅನ್ನುತ್ತೇನೆ. ಗುರುವಾರವೂ ಹಾಗೇ ಆಯಿತು. ಕಾಲೇಜು ಸಾಕು ಪುಟ್ಟಿ, ಭಾನುವಾರ ಎಲ್ಲ ಪ್ಯಾಕ್ ಮಾಡ್ಕೊಂಡು ಬಂದ್ಬಿಡು, ಒಂದು ಕಾಲುಚೀಲಾನೂ ಅಲ್ಲಿ ಬಿಡ್ಬೇಡ ಅಂದೆ. ನಾನು ಸರಿ ಅಂದೆ. ನಿನ್ನ ಅಳು ನಿಲ್ಲಲಿ ಅಂತ ಅಂದೆ, ಅಷ್ಟೇ. ಸೂಟ್‌ಕೇಸನ್ನು ಮಂಚದ ಕೆಳಗಿನಿಂದ ಎಳೆದದ್ದು ನಿಜ. ಈಗಲೂ ಅದು ರೂಮಿನ ನಡುವೆ ಬಾಯಿ ತೆರೆದುಕೊಂಡು ಬಿದ್ದಿದೆ. ಅವನಿ ಎರಡು ಸಲ ಎಡವಿದಳು.

ಅವನಿ ಅಂದರೆ ನನ್ನ ರೂಮ್‌ಮೇಟ್, ಬ್ರಿಡ್ಜ್‌ವಾಟರ್ ಊರಿನ ಹುಡುಗಿ. ಇಲ್ಲೇ ಹುಟ್ಟಿದವಳು. ಅವಳ ಕನ್ನಡವೆಲ್ಲ ಅಜ್ಜಿ ಕಲಿಸಿದ್ದು, ಹಾಗಾಗಿ ಅಡುಗೆಮನೆ ಮತ್ತು ಬೈಗುಳ ಮಾತ್ರ ಚೆನ್ನಾಗಿ ಬರುತ್ತದೆ. ನೀನು ಕಳಿಸಿದ ಪುಳಿಯೋಗರೆ ಗೊಜ್ಜನ್ನು ಬ್ರೆಡ್ಡಿಗೆ ಹಚ್ಚಿಕೊಂಡು ತಿಂದವಳು ಅವಳೇ, ನಾನಲ್ಲ. ನಮ್ಮ ವೀಸಾದ ವಿಷಯ ಯಾರಿಗೂ ಹೇಳಬೇಡ ಅಂದಿದ್ದೆಯಲ್ಲ, ಅವಳಿಗೂ ಹೇಳಿರಲಿಲ್ಲ. ನಮ್ಮದು ಗ್ರೀನ್ ಕಾರ್ಡ್ ಪ್ರೋಸೆಸಿಂಗ್‌ನಲ್ಲಿದೆ ಅಂತ ನೀನು ಎಲ್ಲ ಆಂಟಿಯರಿಗೂ ಹೇಳುವುದನ್ನೇ ನಾನೂ ಹೇಳಿದ್ದೆ.

ಈಗ ಒಂದು ಸುಳ್ಳನ್ನು ವಾಪಸ್ ತೆಗೆದುಕೊಳ್ಳಬೇಕು. ಮಿಡ್‌ಟರ್ಮ್ ಪರೀಕ್ಷೆ ಚೆನ್ನಾಗಾಯಿತು ಅಂದಿದ್ದೆ. ಕೆಮಿಸ್ಟ್ರಿ ಬರೆಯಲೇ ಇಲ್ಲ. ಅಕ್ಟೋಬರ್ ಕೊನೆಯಲ್ಲಿ ಬಸ್ ಸ್ಟಾಪಿನ ಹತ್ತಿರ ಯಾರೋ ಇಮಿಗ್ರೇಷನ್‌ನವರ ಕಪ್ಪು ಗಾಡಿ ನೋಡಿದರಂತೆ ಅಂತ ಫೋನಿನ ಗ್ರೂಪಿನಲ್ಲಿ ಬಂತು. ಅದೇ ದಿನ ನಮ್ಮ ಬೇಸ್‌ಮೆಂಟಿನ ಮೇಲಿನ ಮನೆಯ ಜಯರಾಮು ಅಂಕಲ್ ನಿನಗೆ ಹುಡುಗರನ್ನು ಹಿಡಿದುಕೊಂಡು ಹೋಗುವ ಒಂದು ವಿಡಿಯೋ ಫಾರ್ವರ್ಡ್ ಮಾಡಿದ್ದರು, ನೀನು ನನಗೆ ಮಾಡಿದೆ. ಅದು ಯಾವ ಕಾಲೇಜೋ, ಯಾವ ವರ್ಷದ್ದೋ. ಅವತ್ತಿನಿಂದ ನಾನು ಕ್ಲಾಸಿಗೆ ಹೋಗಲಿಲ್ಲ ಅಮ್ಮ. ಕಿಟಕಿಯ ಬ್ಲೈಂಡ್ಸ್ ಎಳೆದುಕೊಂಡು ಕೂತೆ. ಮೇಲ್ ಕೂಡ ತೆರೆಯುತ್ತಿರಲಿಲ್ಲ. ಕಾರಿಡಾರಿನಲ್ಲಿ ಲಾಂಡ್ರಿ ಬುಟ್ಟಿ ಎಳೆದ ಸದ್ದಾದರೂ ದೀಪ ಆರಿಸುತ್ತಿದ್ದೆ. ಅವನಿಯ ಹತ್ತಿರ ನನಗೆ ಫ್ಲೂ ಅಂತ ಹೇಳಿದೆ. ಅವಳು ಪಾಪ, ಪ್ರತಿದಿನ ಡೈನಿಂಗ್ ಹಾಲ್‌ನಿಂದ ಸೂಪ್ ತಂದಳು.

ಈಗ ಮಂಗಳವಾರದ ವಿಷಯ.

ನಿನಗೆ ಮೈಸೂರಿನ ಮಾಧವಿ ಮೇಡಂ ನೆನಪಿದ್ದಾರಲ್ಲ? ನೀನೂ ಅಪ್ಪನೂ ನನ್ನನ್ನು ಹಾಸ್ಟೆಲಿಗೆ ಸೇರಿಸಿ ಇಲ್ಲಿಗೆ ಬಂದಿರಲ್ಲ, ಆಗಿನ ವಾರ್ಡನ್. ನಾನು ಬರೆದ ಕಾಗದಗಳನ್ನು ಅವರು ಓದಿ ಅಂಟಿಸುತ್ತಿದ್ದರು, ಅದಕ್ಕೇ ನಿನಗೆ ಬರೀ ಕ್ಷೇಮ ಸಿಗುತ್ತಿತ್ತು. ಆದರೆ ಪೆಟ್ಟಿಗೆ ತಪಾಸಣೆಯ ಬಗ್ಗೆ ನಿನಗೆ ಎಂದೂ ಹೇಳಿಲ್ಲ. ಯಾವಾಗ ಬರುತ್ತಾರೆ ಅಂತ ಗೊತ್ತಾಗುತ್ತಿರಲಿಲ್ಲ. ಬಾಗಿಲು ಬಡಿದ ಕೂಡಲೇ ಎಲ್ಲರೂ ತಮ್ಮ ತಮ್ಮ ಪೆಟ್ಟಿಗೆ ಪಕ್ಕ ಎದ್ದು ನಿಂತು ಹೆಸರು, ತರಗತಿ, ಮಂಚದ ನಂಬರ್ ಹೇಳಬೇಕು. ಪೆಟ್ಟಿಗೆಯಲ್ಲಿ ಇರಬಾರದ್ದು ಏನಾದರೂ ಇದ್ದರೆ ಅವರು ಹುಡುಕುವ ಮೊದಲೇ ಹೇಳಬೇಕು. ತಾನಾಗಿ ಹೇಳಿದರೆ ಅರ್ಧ ಶಿಕ್ಷೆ, ಸಿಕ್ಕಿಬಿದ್ದರೆ ಪೂರ್ತಿ. ನಾನಂತೂ ಮೇಡಂ ಇನ್ನೂ ಬಾಗಿಲಲ್ಲಿರುವಾಗಲೇ ‘ಮೇಡಂ, ಉಪ್ಪಿನಕಾಯಿ ಬಾಟ್ಲಿ ಇದೆ ಮೇಡಂ’ ಅಂತ ಕೂಗುತ್ತಿದ್ದೆ. ಅದಕ್ಕೇ ಹಾಸ್ಟೆಲಿನ ಹುಡುಗಿಯರು ನನ್ನನ್ನು ರೇಡಿಯೋ ಅಂತ ಕರೆಯುತ್ತಿದ್ದರು.

ಮಂಗಳವಾರ ಮಧ್ಯಾಹ್ನ ಬಾಗಿಲು ಬಡಿಯಿತು. ಮೂರು ಸಲ, ಜೋರಾಗಿ. ಅವನಿ ಹೆಡ್‌ಫೋನ್ ಹಾಕಿಕೊಂಡಿದ್ದಳು. ನಾನು ಎದ್ದು ಹೋಗಿ ತೆಗೆದೆ. ಯಾಕೆ ತೆಗೆದೆ ಅಂತ ಕೇಳಬೇಡ ಅಮ್ಮ. ಮನೆಯಲ್ಲಿ ಬೆಲ್ ಆದರೆ ಉಸಿರೂ ಬಿಡಬಾರದು ಅಂತ ನೀನು ಕಲಿಸಿದ್ದು ಗೊತ್ತು. ಆದರೆ ಕಾಲು ತಾನಾಗಿ ಹೋಯಿತು.

ದಪ್ಪ ಜಾಕೆಟ್ ಹಾಕಿದ ಇಬ್ಬರು ಗಂಡಸರು. ಬೆಲ್ಟಿನಲ್ಲಿ ಏನೇನೋ ನೇತಾಡುತ್ತಿತ್ತು. ಅವರು ಬಾಯಿ ತೆರೆಯುವ ಮೊದಲೇ ನಾನು ನೆಟ್ಟಗೆ ನಿಂತು ಹೆಸರು, ಅಪ್ಪನ ಹೆಸರು, ರೂಮ್ ನಂಬರ್, ಹುಟ್ಟಿದ ತಾರೀಖು ಎಲ್ಲ ಹೇಳಿದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. ನನ್ನ ಹತ್ತಿರ ಪೇಪರ್ಸ್ ಇಲ್ಲ ಸರ್, ಐ ಆಮ್ ಅನ್‌ಡಾಕ್ಯುಮೆಂಟೆಡ್ ಸರ್ ಅಂದೆ. ಇಂಗ್ಲಿಷಿನಲ್ಲೇ, ತಪ್ಪಿಲ್ಲದೆ.

ಅವರಲ್ಲಿ ಹಿರಿಯವನು ನನ್ನನ್ನೇ ನೋಡಿದ. ಆಮೇಲೆ ಮೆಲ್ಲಗೆ ಮೇಲೆ ಕೈ ತೋರಿಸಿ, ಮಿಸ್, ನಾವು ಸ್ಮೋಕ್ ಅಲಾರಂ ಚೆಕ್ ಮಾಡೋಕೆ ಬಂದಿದೀವಿ, ನಿಮಗೆ ಮೇಲ್ ಬಂದಿತ್ತಲ್ಲ ಅಂದ. ಏಣಿ ಅವನ ಹಿಂದೆಯೇ ಇತ್ತು. ನನಗೆ ಕಂಡಿರಲಿಲ್ಲ.

ಅವರು ಕೆಲಸ ಮುಗಿಸಿ ಹೊರಟರು. ಹೋಗುವಾಗ ಆ ಹಿರಿಯವನು ನಾನೇನೂ ಕೇಳಿಸ್ಕೊಂಡಿಲ್ಲ, ಬಾಗಿಲು ಲಾಕ್ ಮಾಡ್ಕೋ ಅಂದ. ನಾನು ಲಾಕ್ ಮಾಡಿ ಅಲ್ಲೇ ಕಾರ್ಪೆಟ್ ಮೇಲೆ ಕೂತೆ. ಹೆಡ್‌ಫೋನ್ ತೆಗೆದಿದ್ದ ಅವನಿ ಆ ಕೊನೆಯ ಮಾತು ಕೇಳಿಸಿಕೊಂಡು ಏನಾಯಿತು ಅಂದಳು, ನಾನು ಎಲ್ಲ ಹೇಳಿದೆ. ಡೂಡ್, ನನಗೆ ಫ್ಲೂ ಅಂತ ಹೇಳಿ ಫೈರ್ ಅಲಾರಂ ಅಂಕಲ್‌ಗೆ ಸತ್ಯ ಹೇಳಿದ್ಯಾ, ಕತ್ತೆ ಮುಂಡೇದೇ, ನಾನು ಸೂಪ್ ಹೊತ್ತಿದ್ದು ವೇಸ್ಟಾ ಅಂತ ಬೈದಳು. ಬೈಯುತ್ತಲೇ ಅತ್ತಳು. ನನಗೆ ಅಳು ಬರಲಿಲ್ಲ, ನಗು ಬಂತು. ಬಿಕ್ಕಳಿಕೆ ಬರುವ ತನಕ ನಕ್ಕೆ.

ಮರುದಿನ ಬೆಳಿಗ್ಗೆ ನನ್ನ ತೋಳು ಹಿಡಿದು ಎಳೆದುಕೊಂಡು ಹೋದಳು. ನಮ್ಮಂಥ ವಿದ್ಯಾರ್ಥಿಗಳಿಗೇ ಅಂತ ಇಲ್ಲೊಂದು ಆಫೀಸ್ ಇದೆ. ಸೆಪ್ಟೆಂಬರಿನಿಂದ ನನಗೆ ಗೊತ್ತಿತ್ತು. ಅದರ ಬಾಗಿಲು ದಾಟಬೇಕಾಗುತ್ತದೆ ಅಂತ ಸುತ್ತು ಹಾಕಿಕೊಂಡು ಲೈಬ್ರರಿಗೆ ಹೋಗುತ್ತಿದ್ದೆ. ಯಾರಾದರೂ ನೋಡಿದರೆ? ಒಳಗೆ ರೇಣು ಮ್ಯಾಮ್ ಇದ್ದರು. ಹುಬ್ಬಳ್ಳಿ ಕಡೆಯವರು ಅಮ್ಮ! ನನ್ನ ಹೆಸರು ಕೇಳಿದವರೇ ಕನ್ನಡಕ್ಕೆ ಬಂದುಬಿಟ್ಟರು. ಏನವ್ವ, ಮೊದಲನೇ ವಾರದಾಗ ಬರ್ಬೇಕಿತ್ತು ನೀ, ಖಾಲಿ ಕುರ್ಚಿ ನೋಡ್ಕೋತ ಕುಂತೀನಿ ಅಂದರು.

ನಮ್ಮ ಭಯಗಳಲ್ಲಿ ಕೆಲವಕ್ಕೆ ಅವರ ಹತ್ತಿರ ಉತ್ತರ ಇತ್ತು. ನನ್ನ ವಿಷಯವನ್ನು ಯೂನಿವರ್ಸಿಟಿ ಸುಮ್ಮನೆ ಯಾರೋ ಕೇಳಿದರು ಅಂತ ಕೊಡುವ ಹಾಗಿಲ್ಲ, ಕೋರ್ಟ್ ಆರ್ಡರ್ ಬೇಕು. ನಾನಿರುವ ಡಾರ್ಮ್ ಅಂದರೆ ಬಸ್ ಸ್ಟಾಪಿನ ಹಾಗೆ ಯಾರು ಬೇಕಾದರೂ ಬರುವ ಜಾಗ ಅಲ್ಲ, ಜಡ್ಜ್ ಸಹಿ ಹಾಕಿದ ವಾರಂಟ್ ಇಲ್ಲದೆ ಇಮಿಗ್ರೇಷನ್‌ನವರಿಗೂ ನನ್ನ ರೂಮಿನೊಳಗೆ ಬರುವ ಹಕ್ಕಿಲ್ಲ. ಯಾರೇ ಬಂದರೂ ಬಾಗಿಲು ತೆಗೆಯದೆ ರೇಣು ಮ್ಯಾಮ್‌ಗೆ ಫೋನ್ ಮಾಡಬೇಕು, ಅವರೇ ಬಂದು ಆ ವಾರಂಟ್ ಓದುತ್ತಾರೆ. ಹೆಸರು ಹೇಳುವುದು ನನ್ನ ಕೆಲಸ ಅಲ್ಲವಂತೆ. ಇದನ್ನು ನನ್ನ ಬಾಯಿಂದ ಹೇಳಿಸಿದರು, ಮಗ್ಗಿ ಒಪ್ಪಿಸಿದ ಹಾಗೆ. ಕೆಮಿಸ್ಟ್ರಿ ಪ್ರೊಫೆಸರಿಗೆ ಕಾರಣ ಹೇಳದೆಯೇ ಮಾತಾಡಿದರು. ತಪ್ಪಿದ ಪರೀಕ್ಷೆಗೆ ಬದಲಾಗಿ ಸೋಮವಾರ ಬೆಳಿಗ್ಗೆ ಮೇಕಪ್ ಎಕ್ಸಾಮ್ ಕೊಡುತ್ತಾರೆ. ತಪ್ಪಿಸಿಕೊಂಡರೆ ಇನ್ನೊಂದು ಅವಕಾಶ ಇಲ್ಲ.

ಹಾಗಾದರೆ ನಾನು ಸೇಫಾ ಮ್ಯಾಮ್ ಅಂತ ಕೇಳಿದೆ. ಅವರು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ, ಗೇಟಿನ ಒಳಗ ನಾ ಏನ್ ಮಾಡ್ಬೇಕೋ ಮಾಡ್ತೀನವ್ವ, ಗೇಟಿನ ಹೊರಗಿನ ರಸ್ತೆಗೆ ನಾ ಮಾತು ಕೊಡಂಗಿಲ್ಲ ಅಂದರು. ಬೇರೆ ಯಾರಾದರೂ ಆಗಿದ್ದರೆ ಡೋಂಟ್ ವರಿ ಅನ್ನುತ್ತಿದ್ದರು. ಹಾಗೆ ಅನ್ನದ್ದಕ್ಕೇ ನನಗೆ ಅವರ ಮೇಲೆ ನಂಬಿಕೆ ಬಂತು.

ಇನ್ನೊಂದು ವಿಷಯ. ಯೂನಿವರ್ಸಿಟಿಯ ಲಾಯರ್ ಒಬ್ಬರು ಬರುವ ಬುಧವಾರ ನಮ್ಮನ್ನು ನೋಡುತ್ತಾರೆ, ಫೀಸ್ ಇಲ್ಲ. ನನ್ನನ್ನು ಅಂತ ಬರೆಯಲಿಲ್ಲ, ನಮ್ಮನ್ನು ಅಂತ ಬರೆದಿದ್ದೇನೆ. ಅಪ್ಪ ತೀರಿಹೋದ ಮೇಲೆ ಅವರ ವೀಸಾದ ಜೊತೆ ನಮ್ಮದೂ ಹೋಯಿತು ಅನ್ನುವಷ್ಟೇ ನನಗೆ ಗೊತ್ತಿರುವುದು. ಆಗ ನಾನು ಇಲ್ಲಿಗೆ ಬಂದು ಹೈಸ್ಕೂಲಿನಲ್ಲಿದ್ದೆ, ನೀನು ನನಗೆ ಏನೂ ಹೇಳಲಿಲ್ಲ. ಅಪ್ಪನ ಆಫೀಸಿನವರು ನಿನಗೆ ಏನು ಹೇಳಿದರು, ನೀನು ಯಾರ ಹತ್ತಿರ ಹೋದೆ, ಅವರು ಏನು ಸಲಹೆ ಕೊಟ್ಟರು, ಇದೆಲ್ಲ ಲಾಯರಿಗೆ ಬೇಕಂತೆ. ರೇಣು ಮ್ಯಾಮ್ ಕೇಳಿದ ಪ್ರತಿಯೊಂದಕ್ಕೂ ನಾನು ಐ ಡೋಂಟ್ ನೋ ಅಂದೆ. ದಾರಿ ಇದೆ ಅಂತ ಅವರು ಹೇಳಿಲ್ಲ ಅಮ್ಮ. ಇಲ್ಲ ಅಂತಲೂ ಹೇಳಿಲ್ಲ. ನೀನು ಹೇಳದೆ ಯಾರಿಗೂ ಗೊತ್ತಾಗುವುದಿಲ್ಲ.

ನನ್ನನ್ನು ಓದಿಸಬೇಕು ಅಂತಲೇ ನೀನು ಇಲ್ಲಿ ಉಳಿದೆ. ಬೇರೆಯವರ ಮಕ್ಕಳನ್ನು ತೂಗಿ ಮಲಗಿಸಿ, ಬೇಸ್‌ಮೆಂಟಿನಲ್ಲಿ ಪರದೆ ಎಳೆದುಕೊಂಡು ಕೂತೆ. ಈಗ ನಾನೂ ಬಂದು ಆ ಪರದೆಯ ಹಿಂದೆ ಕೂತರೆ ನಾವಿಬ್ಬರೂ ಯಾರ ಕೈಗೂ ಸಿಗದೇ ಇರಬಹುದು. ಆದರೆ ಅಲ್ಲಿ ಏನು ಮಾಡುತ್ತಾ ಇರೋಣ? ನನಗೆ ಭಯ ಹೋಗಿಲ್ಲ. ಇದನ್ನು ಬರೆಯುವಾಗಲೂ ಲೈಬ್ರರಿ ಬಾಗಿಲು ತೆರೆದಾಗೆಲ್ಲ ತಲೆ ಎತ್ತಿ ನೋಡುತ್ತಿದ್ದೇನೆ. ಭಯದ ಜೊತೆಗೇ ಸೋಮವಾರ ಪರೀಕ್ಷೆ ಬರೆಯುತ್ತೇನೆ.

ಮನೆಗೆ ಬರುತ್ತೇನೆ ಅಂದಿದ್ದೆ, ಬರುತ್ತೇನೆ. ಆದರೆ ಉಳಿಯುವುದಕ್ಕೆ ಅಲ್ಲ. ಬೈಯಬೇಕೆನಿಸಿದರೆ ಎದುರಿಗೇ ಬೈದುಬಿಡು.

ನಿನ್ನ ರೇಡಿಯೋ,
ಸನ್ನಿಧಿ

ಮರೆತಿದ್ದೆ: ಲಕೋಟೆಯ ಮೇಲೆ ಸ್ಟ್ಯಾಂಪ್ ಇಲ್ಲ, ನೋಡು. ಇದು ಪೋಸ್ಟಿನಲ್ಲಿ ಬಂದದ್ದಲ್ಲ. ಬಾಗಿಲ ಕೆಳಗಿಂದ ಒಳಗೆ ತಳ್ಳಿದವಳು ನಾನೇ. ಈಗ ಭಾನುವಾರ, ನಾನು ಹೊರಗೆ ಬೇಸ್‌ಮೆಂಟ್ ಮೆಟ್ಟಿಲ ಮೇಲೆ ಕೂತು ಈ ಸಾಲು ಬರೆಯುತ್ತಿದ್ದೇನೆ. ಅವನಿಯ ಕಾರಿನಲ್ಲಿ ಬಂದೆ. ಅವಳೂ ರೇಣು ಮ್ಯಾಮೂ ಕಾರಿನಲ್ಲೇ ಇದ್ದಾರೆ, ನೀನು ಕರೆದರೆ ಮಾತ್ರ ಬರುತ್ತಾರೆ. ನಾನು ಬಾಗಿಲು ತಟ್ಟುವುದಿಲ್ಲ. ತಟ್ಟಿದರೆ ನಿನಗೆ ಏನಾಗುತ್ತದೆ ಅಂತ ನನಗೆ ಗೊತ್ತು. ಓದಿ ಮುಗಿಸಿ ನೀನೇ ತೆಗೆ. ಸೂಟ್‌ಕೇಸ್ ತಂದಿಲ್ಲ ಅಮ್ಮ. ಕೈಯಲ್ಲಿ ನಿನ್ನ ಗೊಜ್ಜಿನ ಡಬ್ಬಿಗಳಿವೆ, ಅಷ್ಟೇ. ತೊಳೆದಿದ್ದೇನೆ. ಖಾಲಿ.