ಶಾಂತಿಯ ಮೋಟು ಮೇಣದಬತ್ತಿ

ಪ್ರೀತಿಯ ಅಕ್ಕನಿಗೆ,

ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಪ್ರಾರ್ಥನೆಗೆಂದು ನಾಲ್ಕು ಮೇಣದಬತ್ತಿ ತಂದಿಟ್ಟಿದ್ದೆ, ನಿರೀಕ್ಷೆ, ಶಾಂತಿ, ಸಂತೋಷ, ಪ್ರೀತಿಗೆ ಒಂದೊಂದು. ಮೂರು ವರ್ಷದ ಹಿಂದೆ ಜಗಳವಾಡಿ ನೀನು ಬಿಟ್ಟುಹೋದ ಕೋಟನ್ನು ಅದೇ ವಾರ ರಿಪೇರಿಗೆ ತೆಗೆದುಕೊಂಡೆ. ಜಿಪ್ ನಿನ್ನಂತೆಯೇ ಹಟಮಾರಿ. ನನ್ನದು ದರ್ಜಿಯ ಕೈ ನೋಡು, ಜಿಪ್ ಸಲೀಸಾಗಿ ಜಾರಲೆಂದು ಕೈಗೆ ಸಿಕ್ಕಿದ ಮೇಣದಬತ್ತಿ ಉಜ್ಜಿಬಿಟ್ಟೆ. ಅದು ಎರಡನೇ ಭಾನುವಾರದ್ದು, ಶಾಂತಿಯದ್ದು! ಅರ್ಧ ಸವೆದೇ ಹೋಯಿತು.

ಪ್ರಾರ್ಥನೆಗೆ ಬಂದ ಪಾದ್ರಿಗಳು ನಕ್ಕುಬಿಟ್ಟರು. "ಮೋಟಾದ್ರೇನಮ್ಮಾ, ಉರಿಯುತ್ತಲ್ವಾ?"

ಉರಿಯಿತು. ಪ್ರಾರ್ಥನೆಯಲ್ಲಿ 'ತಪ್ಪು ಮಾಡಿದವರನ್ನು ಕ್ಷಮಿಸುತ್ತೇವೆ' ಎಂಬ ಸಾಲು ಬಂದಾಗ ಈ ಸಲ ನನ್ನ ನಾಲಿಗೆ ತಡವರಿಸಲಿಲ್ಲ. ಮನಸ್ಸು ಹತ್ತಿಯಷ್ಟು ಹಗುರವಾಯಿತು. ನೀನೇ ಮೊದಲು ಮಾತಾಡಲಿ ಎಂದು ಕಾದದ್ದು ಸಾಕು, ನಾನೇ ಸೋತೆ.

ನಾಲ್ಕನೆಯದನ್ನು ನೀನು ಬಂದು ಹಚ್ಚು. ಸ್ವೆಟರ್ ಹೊತ್ತು ತರಬೇಡ, ಕೋಟು ಬಾಗಿಲ ಹಿಂದೆ ತೂಗುತ್ತಿದೆ. ಶಾಂತಿಯ ಇನ್ನರ್ಧ ಅದರ ಜಿಪ್‌ನಲ್ಲೇ ಇದೆ.

ನಿನ್ನ ಬಾಯಿಬಡುಕಿ ತಂಗಿ